ಎಲ್ಲ ಬಲ್ಲ ದೇವರಿಗೆ ಹೇಳುವುದೇನು?

ದೇವರಿಗೆ ಎಲ್ಲವೂ ಗೊತ್ತು. ಹಾಗಿದ್ದರೆ ಪಾಪನಿವೇದನೆ ಯಾಕೆ?

ಸುಮಾರು 1600 ವರ್ಷಗಳ ಹಿಂದೆ, ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಬಿಷಪ್ ಸಂತ ಅಗಸ್ಟೀನ್ ಇದೇ ಪ್ರಶ್ನೆ ಎತ್ತಿಕೊಂಡರು. 16ನೇ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪೇರ್ ಹಣ್ಣು ಕದ್ದದ್ದನ್ನೂ 'ಕನ್ಫೆಷನ್ಸ್' ಕೃತಿಯಲ್ಲಿ ಮುಚ್ಚಿಡದೆ ಬರೆದರು.

ಅವರು ಕಂಡುಕೊಂಡ ಉತ್ತರ ಇದು: ನಿವೇದನೆ ದೇವರಿಗೆ ಸುದ್ದಿ ಮುಟ್ಟಿಸಲು ಅಲ್ಲ. ಬಚ್ಚಿಟ್ಟರೆ ದೇವರ ಕಣ್ಣು ತಪ್ಪುವುದಿಲ್ಲ. ನಮ್ಮ ಕಣ್ಣಿಗೇ ದೇವರು ಮಸುಕಾಗುತ್ತಾನೆ.

ಮನುಷ್ಯನಿಗೆ ತನ್ನ ಮನಸ್ಸೇ ಪೂರ್ತಿ ತಿಳಿಯದು ಎಂದೂ ಅವರು ಒಪ್ಪಿಕೊಂಡರು. ಸುಮಾರು 427ರಲ್ಲಿ, ಇಳಿವಯಸ್ಸಿನಲ್ಲಿ, ತಮ್ಮದೇ ಪುಸ್ತಕಗಳನ್ನು ಮತ್ತೆ ಓದಿ, ತಪ್ಪುಗಳನ್ನು ಎತ್ತಿ ತೋರಿಸುವ ಇನ್ನೊಂದು ಪುಸ್ತಕವನ್ನೇ ಬರೆದರು.

ಎಲ್ಲ ಬಲ್ಲವನು ದೇವರೊಬ್ಬನೇ. ನಾವು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನೋಣ, ತಪ್ಪಿದ್ದನ್ನು ತಪ್ಪು ಎನ್ನೋಣ. ಸತ್ಯದ ದಾರಿ ಅಲ್ಲಿಂದಲೇ ಶುರು.