ಜಪಾನಿನ ಹದಿಹರೆಯದವರು ಮತ್ತು ಪಾಶ್ಚಾತ್ಯ ಪಾಪ್ ಸಂಗೀತ

ಹೊರದೇಶದ ಹಾಡನ್ನು ಮೆಚ್ಚಿ ಹಾಡಿದರೆ ನಮ್ಮತನ ಹೋಗಿಬಿಡುತ್ತದೆಯೇ? ಮನೆಯ ಹಿರಿಯರೊಡನೆ ನೀವೂ ಈ ವಾದ ಮಾಡಿರಬಹುದು. ಇದೇ ಪ್ರಶ್ನೆ ಜಪಾನಿನಲ್ಲಿ ಬಹು ಜೋರಾಗಿಯೇ ಎದ್ದಿತ್ತು. ಅದಕ್ಕೆ ಅಲ್ಲಿಯ ಯುವಜನರು ಕೊಟ್ಟ ಉತ್ತರವೇನೆಂದು ನೋಡೋಣ.

ಯುದ್ಧಕಾಲದ ಜಪಾನು ಅಮೆರಿಕದ ಜಾಝ್ ಸಂಗೀತವನ್ನು ಶತ್ರುವಿನ ಸಂಗೀತವೆಂದು ನಿಷೇಧಿಸಿತ್ತು. ಸೋಲಿನ ನಂತರ, 1945ರಿಂದ 1952ರವರೆಗೆ, ದೇಶವು ಮಿತ್ರರಾಷ್ಟ್ರಗಳ ಸೇನಾಡಳಿತಕ್ಕೆ ಒಳಪಟ್ಟಿತು. ಅಮೆರಿಕದ ಸೈನಿಕರಿಗೆಂದು ಆರಂಭವಾದ ರೇಡಿಯೊ ಜಪಾನಿನ ಮನೆಗಳಲ್ಲಿಯೂ ಕೇಳಿಸುತ್ತಿತ್ತು. ಸೇನಾ ಶಿಬಿರಗಳ ಕ್ಲಬ್ಬುಗಳಲ್ಲಿ ನುಡಿಸುತ್ತಲೇ ಎಷ್ಟೋ ಜಪಾನಿ ವಾದ್ಯಗಾರರು ಹೊಸ ಸಂಗೀತವನ್ನು ಕಲಿತರು. 1958ರ ಫೆಬ್ರವರಿಯಲ್ಲಿ ಟೋಕಿಯೊದ ನಿಚಿಗೆಕಿ ರಂಗಮಂದಿರದಲ್ಲಿ ‘ವೆಸ್ಟರ್ನ್ ಕಾರ್ನಿವಲ್’ ನಡೆಯಿತು. ಹಿರಾವೊ ಮಸಾಅಕಿ ಮೊದಲಾದ ತರುಣರು ಎಲ್ವಿಸ್ ಪ್ರೀಸ್ಲಿಯ ರೀತಿಯಲ್ಲಿ ಹಾಡಿದಾಗ, ಹುಡುಗಿಯರು ಕಾಗದದ ಸುರುಳಿಗಳನ್ನೆಸೆದು ಕೂಗಾಡಿದರು. ಹಿರಿಯರು ಹುಬ್ಬುಗಂಟಿಕ್ಕಿದರು.

1965ರಲ್ಲಿ ಅಮೆರಿಕದ ‘ವೆಂಚರ್ಸ್’ ತಂಡದ ಪ್ರವಾಸವು ಗಿಟಾರಿನ ಹುಚ್ಚನ್ನೇ ಹಬ್ಬಿಸಿತು. ಈ ತಂಡದ್ದು ಹೆಚ್ಚಾಗಿ ವಾದ್ಯಸಂಗೀತ. ಹಾಡಿನ ಮಾತುಗಳೇ ಇಲ್ಲದಿರುವಾಗ ಭಾಷೆಯ ಅಡ್ಡಿ ಎಲ್ಲಿಯದು? ಇಂಗ್ಲಿಷ್ ಬಾರದ ಹುಡುಗನೂ ಗಿಟಾರು ಹಿಡಿದು ಕಲಿಯಬಹುದಾಗಿತ್ತು. ‘ಎಲೆಕ್ಟ್ರಿಕ್’ ಎಂಬುದು ಜಪಾನೀಯರ ಬಾಯಲ್ಲಿ ‘ಎರೆಕಿ’ ಆಯಿತು. ಮಕ್ಕಳು ಕೆಡುತ್ತಾರೆಂದು ಕೆಲವೆಡೆ ವಿದ್ಯಾರ್ಥಿಗಳಿಗೆ ಎರೆಕಿ ಗಿಟಾರನ್ನೇ ನಿಷೇಧಿಸಲಾಯಿತು.

ಮರುವರ್ಷ ಬೀಟಲ್ಸ್ ಬಂದರು. 1966ರ ಜೂನ್ 30ರಿಂದ ಜುಲೈ 2ರವರೆಗೆ ಅವರು ಟೋಕಿಯೊದ ನಿಪ್ಪೊನ್ ಬುದೋಕಾನ್ ಭವನದಲ್ಲಿ ಐದು ಕಾರ್ಯಕ್ರಮಗಳನ್ನು ಕೊಟ್ಟರು. 1964ರ ಒಲಿಂಪಿಕ್ಸ್‌ನ ಜೂಡೊ ಪಂದ್ಯಗಳಿಗಾಗಿ ಕಟ್ಟಿದ ಭವನವದು. ಸಮರಕಲೆಯ ಪವಿತ್ರ ಸ್ಥಳದಲ್ಲಿ ರಾಕ್ ಸಂಗೀತವೇ ಎಂದು ರಾಷ್ಟ್ರವಾದಿಗಳು ಪ್ರತಿಭಟಿಸಿದರು. ಭಾರಿ ಪೊಲೀಸ್ ಕಾವಲಿನಲ್ಲಿ ಕಾರ್ಯಕ್ರಮಗಳು ನಡೆದವು. ಮುಂದೆ ಅದೇ ಭವನದಲ್ಲಿ ಹಾಡುವುದು ಜಪಾನಿನ ಗಾಯಕರಿಗೂ ದೊಡ್ಡ ಗೌರವವೆನಿಸಿತು.

ಅನುಕರಣೆ ಇಷ್ಟು ಬೆಳೆದ ಮೇಲೆ ಒಂದು ತೊಡಕು ಎದುರಾಯಿತು. ರಾಕ್ ಸಂಗೀತವನ್ನು ಯಾವ ಭಾಷೆಯಲ್ಲಿ ಹಾಡಬೇಕು? 1970-71ರ ಸುಮಾರಿಗೆ ಈ ಬಗ್ಗೆ ಸಂಗೀತ ಪತ್ರಿಕೆಯಲ್ಲಿಯೇ ಚರ್ಚೆ ನಡೆಯಿತು. ಉಚಿದಾ ಯೂಯಾ ಮುಂತಾದವರು ಇಂಗ್ಲಿಷಿನ ಪರವಾಗಿದ್ದರು. ‘ಹ್ಯಾಪಿ ಎಂಡ್’ ಎಂಬ ತಂಡ ಮಾತ್ರ ಜಪಾನಿ ಭಾಷೆಯಲ್ಲೇ ಹಾಡುತ್ತಿತ್ತು.

ಇದು ಬರಿಯ ಅಭಿಮಾನದ ಜಗಳವಲ್ಲ, ಲಯದ ಸಮಸ್ಯೆಯೂ ಹೌದು. ಛಂದಸ್ಸಿನ ಪಾಠದಲ್ಲಿ ನೀವು ಮಾತ್ರೆಗಳನ್ನು ಎಣಿಸಿದ್ದೀರಲ್ಲವೇ? ಜಪಾನಿ ಭಾಷೆಯೂ ಹಾಗೆಯೇ ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತದೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ವ್ಯಂಜನಗಳು ಒತ್ತೊತ್ತಾಗಿ ಬಂದರೆ ನಡುವೆ ಸ್ವರ ಸೇರುತ್ತದೆ. ಇಂಗ್ಲಿಷಿನವರು ಎರಡೇ ಪೆಟ್ಟಿನಲ್ಲಿ ಹೇಳುವ ‘ಕ್ರಿಸ್‌ಮಸ್’ ಅಲ್ಲಿ ‘ಕು-ರಿ-ಸು-ಮ-ಸು’ ಎಂದು ಐದು ಮಾತ್ರೆಯಾಗುತ್ತದೆ. ನಾವೂ ‘ಬಸ್’ ಎಂಬುದನ್ನು ‘ಬಸ್ಸು’, ‘ಕಾರ್’ ಎಂಬುದನ್ನು ‘ಕಾರು’ ಎನ್ನುವುದಿಲ್ಲವೇ? ಇಂಗ್ಲಿಷ್ ಪದಗಳಿಗೆ ಹೊಂದಿಸಿದ ಧಾಟಿಯಲ್ಲಿ ಜಪಾನಿ ಮಾತು ಹಿಡಿಸುವುದು ಕಷ್ಟವೆಂದು ಅನೇಕರು ಭಾವಿಸಿದ್ದು ಇದರಿಂದಲೇ.

ಹ್ಯಾಪಿ ಎಂಡ್ ತಂಡವು ತನ್ನ ಉತ್ತರವನ್ನು ಹಾಡಿಯೇ ತೋರಿಸಿತು. 1971ರಲ್ಲಿ ಬಂದ ಅದರ ‘ಕಾಜೆಮಾಚಿ ರೋಮನ್’ ಧ್ವನಿಮುದ್ರಿಕೆಯನ್ನು ಜಪಾನಿ ರಾಕ್ ಸಂಗೀತದ ಮೈಲಿಗಲ್ಲೆಂದು ಎಣಿಸುತ್ತಾರೆ. ಆ ತಂಡದ ಹೊಸೊನೊ ಹರುವೊಮಿ 1978ರಲ್ಲಿ ಗೆಳೆಯರೊಡನೆ ‘ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ’ ಕಟ್ಟಿದರು. ಅದರ ವಿದ್ಯುನ್ಮಾನ ಸಂಗೀತವನ್ನು ಪಶ್ಚಿಮದವರೇ ಕಿವಿಗೊಟ್ಟು ಕೇಳಿದರು.

ಜಪಾನಿನ ಕೇಳುಗರು ಪಶ್ಚಿಮದ ತಂಡಗಳ ಮೇಲೂ ಪ್ರಭಾವ ಬೀರಿದರು. 1975ರಲ್ಲಿ ಬ್ರಿಟನ್ನಿನ ‘ಕ್ವೀನ್’ ತಂಡವನ್ನು ಅಭಿಮಾನಿಗಳು ಟೋಕಿಯೊ ವಿಮಾನ ನಿಲ್ದಾಣದಲ್ಲಿ ಮುತ್ತಿಕೊಂಡರು. ಮರುವರ್ಷ ಆ ತಂಡ ಜಪಾನಿ ಸಾಲುಗಳಿರುವ ಹಾಡೊಂದನ್ನು ಮಾಡಿತು. ಅಮೆರಿಕದ ‘ಚೀಪ್ ಟ್ರಿಕ್’ ತಂಡ 1978ರಲ್ಲಿ ಬುದೋಕಾನ್‌ನಲ್ಲಿ ಹಾಡಿದ್ದನ್ನು ಜಪಾನಿನ ಮಾರುಕಟ್ಟೆಗೆಂದು ಧ್ವನಿಮುದ್ರಿಸಲಾಗಿತ್ತು. ಹುಡುಗಿಯರ ಕೂಗೂ ಸೇರಿದ್ದ ಆ ಮುದ್ರಿಕೆಯೇ ಮುಂದೆ ಅಮೆರಿಕದಲ್ಲಿ ತಂಡಕ್ಕೆ ಹೆಸರು ತಂದಿತು.

ದೂರದರ್ಶನದ ಪಾತ್ರವನ್ನೂ ಮರೆಯುವಂತಿಲ್ಲ. ‘ಕಾರ್ಪೆಂಟರ್ಸ್’ ಜೋಡಿಯ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ತೀರಿಕೊಂಡದ್ದು 1983ರಲ್ಲಿ. 1995ರಲ್ಲಿ ‘ಮಿಸೇನೆನ್’ ಎಂಬ ಧಾರಾವಾಹಿ ಅವರ ಹಾಡುಗಳನ್ನು ಬಳಸಿದಾಗ, ಎಪ್ಪತ್ತರ ದಶಕದ ಆ ಹಾಡುಗಳಿಗೆ ಹೊಸ ಪೀಳಿಗೆಯ ಕೇಳುಗರು ದೊರೆತರು.

ಹೀಗೆ ನೋಡಿದರೆ, ಹೊರಗಿನ ಸಂಗೀತ ಬಂದದ್ದರಿಂದ ಜಪಾನಿ ಹಾಡು ಸಾಯಲಿಲ್ಲ. ಆದರೆ ಅದು ತಾನಾಗಿಯೇ ಉಳಿಯಲೂ ಇಲ್ಲ. ತಮ್ಮ ಮಾತಿಗೆ ತಕ್ಕ ಧಾಟಿಯನ್ನು ಕೆಲವರು ಶ್ರಮಪಟ್ಟು ಹುಡುಕಬೇಕಾಯಿತು. ನೀವೂ ಒಂದು ಪ್ರಯೋಗ ಮಾಡಿ ನೋಡಿ. ನಿಮಗಿಷ್ಟವಾದ ಇಂಗ್ಲಿಷ್ ಹಾಡಿನ ಧಾಟಿಗೆ ನಿಮ್ಮದೇ ನಾಲ್ಕು ಸಾಲು ಕನ್ನಡ ಬರೆಯಿರಿ, ಮಾತ್ರೆಗಳನ್ನು ಎಣಿಸಿ, ಗೆಳೆಯರೆದುರು ಹಾಡಿ. ಎಲ್ಲಿ ಮಾತು ಎಡವುತ್ತದೆ, ಎಲ್ಲಿ ಧಾಟಿಯನ್ನೇ ತಿದ್ದಬೇಕಾಗುತ್ತದೆ ಎಂಬುದು ಆಗ ನಿಮಗೇ ತಿಳಿಯುತ್ತದೆ.