ಟಂಕಸಾಲೆಯ ತಪ್ಪೋ, ಬೀದಿಯ ಪೆಟ್ಟೋ?

ಸ್ಟೀಲಿನ ಒಂದು ರೂಪಾಯಿ. ಒಂದು ಬದಿಯಲ್ಲಿ ಸಿಂಹಲಾಂಛನ ಸರಿಯಾಗಿದೆ. ಮಗುಚಿದರೆ ಅಲ್ಲೂ ಅದೇ ಸಿಂಹ, ಆದರೆ ಎಡಬಲ ಅದಲುಬದಲಾಗಿ, ಉಬ್ಬಿರಬೇಕಾದ್ದು ಒಳಗೆ ಇಳಿದು. ಇಂಥದ್ದು ಕೈಗೆ ಬಂದರೆ ಮೇಷ್ಟ್ರು ಮೊದಲು ಬೆಲೆಯ ಮಾತೆತ್ತುವುದಿಲ್ಲ. ಲೆನ್ಸ್ ಹಿಡಿದು, ಸಿಂಹದ ಕೆಳಗೆ ‘1’ ಅಂಕಿಯ ಗುರುತು ಉಳಿದಿದೆಯೇ ಎಂದು ಹುಡುಕುತ್ತಾರೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ನಡೆಸಿ ನಿವೃತ್ತರಾದವರು. ನಾಣ್ಯದ ಹುಡುಗರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ‘ಪ್ರೆಸ್ಸಿನಲ್ಲಿ ಆದದ್ದು ಎರರ್, ಪ್ರೆಸ್ಸಿಂದ ಆಚೆ ಬಂದಮೇಲೆ ಆದದ್ದು ಡ್ಯಾಮೇಜು. ಅಷ್ಟೇ ಕಣಪ್ಪಾ’ ಎನ್ನುವ ಅವರು, ಆ ‘ಅಷ್ಟೇ’ಯನ್ನು ಬಿಡಿಸಿ ಹೇಳಲು ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತಾರೆ.

ಒತ್ತಿದ ನಾಣ್ಯ ಕೆಲವೊಮ್ಮೆ ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಅದರ ಹಿಂದೆಯೇ ಬಂದ ಖಾಲಿ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಹೀಗೆ ಮೂಡುವ ತಿರುಗುಮುರುಗು ಚಿತ್ರವನ್ನು ಸಂಗ್ರಾಹಕರು ಬ್ರೋಕೇಜ್ ಎನ್ನುತ್ತಾರೆ. ಆ ಬದಿಗೆ ‘1’ರ ಅಚ್ಚು ತಾಗಿಯೇ ಇರುವುದಿಲ್ಲ. ಎರಡು ನಾಣ್ಯಗಳನ್ನು ಬೆಂಚ್ ವೈಸಿನಲ್ಲಿ ಬಿಗಿದು ಮಾಡಿದ ನಕಲಿಯಲ್ಲಾದರೆ ಚಪ್ಪಟೆಯಾದ ‘1’ ಅಡಿಯಲ್ಲಿ ಇಣುಕುತ್ತದೆ, ಇನ್ನೊಂದು ಬದಿಯೂ ನಜ್ಜಾಗಿರುತ್ತದೆ.

ಅಂಚು ಕಡಿದ ನಾಣ್ಯದ್ದು ಇನ್ನೂ ಸೊಗಸಾದ ಪರೀಕ್ಷೆ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಏಟು ಬಿದ್ದರೆ ಬಿಲ್ಲೆಗೆ ಕಮಾನಿನಂಥ ಕಚ್ಚು ಬೀಳುತ್ತದೆ. ಆಮೇಲೆ ಬಿಲ್ಲೆಯನ್ನು ಉರುಳಿಸಿ ಸುತ್ತಲೂ ಅಂಚು ಎಬ್ಬಿಸುತ್ತಾರೆ. ಕಚ್ಚಿದ್ದ ಕಡೆ ಒತ್ತಡ ಸಿಗುವುದಿಲ್ಲ, ಹಾಗಾಗಿ ಅದರ ನೇರ ಎದುರಿನ ಅಂಚೂ ಸರಿಯಾಗಿ ಏಳುವುದಿಲ್ಲ. ಅರ ಹಾಕಿ ಕಡಿದವನಿಗೆ ಈ ಎದುರಿನ ಅಂಚಿನ ನೆನಪಿರುವುದಿಲ್ಲ! ಎಲ್ಲ ಅಸಲಿಯಲ್ಲೂ ಈ ಲಕ್ಷಣ ಎದ್ದು ಕಾಣದು, ಕಂಡರೆ ಮಾತ್ರ ಒಳ್ಳೆಯ ಸಾಕ್ಷಿ.

ಉಳಿದವನ್ನು ಮೇಷ್ಟ್ರು ಬೇಗ ಮುಗಿಸುತ್ತಾರೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಗೆರೆ ಉಬ್ಬಿರುತ್ತದೆ, ಮೊಳೆಯಿಂದ ಗೀಚಿದರೆ ತಗ್ಗಾಗಿರುತ್ತದೆ. ‘ತೆಳು ಬಿಲ್ಲೆ’ ಎಂದು ಮಾರುವುದರಲ್ಲಿ ಆಸಿಡ್ಡಿನಲ್ಲಿ ಅದ್ದಿದವೂ ಇರುತ್ತವೆ, ಅವುಗಳ ಅಕ್ಷರವೂ ಸವೆದು ಮೆತ್ತಗಾಗಿರುತ್ತದೆ. ಸುತ್ತ ಹಿಡಿಯುವ ಕಾಲರ್ ಇಲ್ಲದೆ ಒತ್ತಿದ ನಾಣ್ಯ ಅಗಲವಾದರೂ ನಡುವಿನ ಚಿತ್ರ ಚೊಕ್ಕವಾಗಿರುತ್ತದೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದರಲ್ಲಿ ಚಿತ್ರವೇ ಅಳಿಸಿಹೋಗಿರುತ್ತದೆ. ಆ ಆಟ ಆಡದವರು ನಮ್ಮ ತಲೆಮಾರಿನಲ್ಲಿ ಯಾರಿದ್ದಾರೆ?

ತಪ್ಪಿಗೆ ಬೆಲೆ ಬಂದ ಕಥೆಯಲ್ಲಿ ಅಮೆರಿಕದ 1955ರ ಒಂದು ಸೆಂಟ್ ಪ್ರಸಿದ್ಧ. ಅಚ್ಚು ತಯಾರಿಸುವಾಗಲೇ ಎರಡನೆಯ ಒತ್ತು ತುಸು ತಿರುಗಿದ್ದರಿಂದ ಅಕ್ಷರ, ಇಸವಿ ಎಲ್ಲ ಜೋಡಿಯಾದವು. ಫಿಲಡೆಲ್ಫಿಯಾ ಟಂಕಸಾಲೆಯಿಂದ ಅಂಥ 20 ಸಾವಿರಕ್ಕೂ ಹೆಚ್ಚು ನಾಣ್ಯ ಹೊರಬಿದ್ದವೆನ್ನುತ್ತಾರೆ. ಅದೇ ವರ್ಷ ಸವೆದ ಅಚ್ಚಿನಿಂದ ಇಸವಿಯ ಕೊನೆಯ ಅಂಕಿ ಮಾತ್ರ ಜೋಡಿಯಂತೆ ಕಾಣುವ ಸೆಂಟ್‌ಗಳೂ ಬಂದವು. ಅವುಗಳ ಬೆಲೆ ಅಲ್ಪ.

ತೀರ್ಪು ಹೇಳಲು ಅಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಕಂಪನಿಗಳು ಕೆಲಸ ಶುರುಮಾಡಿದವು. 1ರಿಂದ 70ರವರೆಗಿನ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರಪಡಿಸುತ್ತಾರೆ. ಟಂಕಸಾಲೆಯ ತಪ್ಪಾದರೆ ಚೀಟಿಯಲ್ಲಿ ‘ಮಿಂಟ್ ಎರರ್’ ಎಂದು ಬರುತ್ತದೆ. ಪೆಟ್ಟು ತಿಂದದ್ದಾದರೆ ಸಾಮಾನ್ಯವಾಗಿ ಅಂಕವಿಲ್ಲ, ಬರೀ ‘ಡೀಟೇಲ್ಸ್’.

ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳ ತಪ್ಪುಗಳನ್ನು ಮೇಷ್ಟ್ರು ಕಲೆಹಾಕಿದ್ದು ಹೆಚ್ಚಾಗಿ ಬಸ್ ಕಂಡಕ್ಟರುಗಳ ಚಿಲ್ಲರೆಯಿಂದ. ಈಗ ಪ್ರಯಾಣಿಕರು ಫೋನಿನಲ್ಲೇ ದುಡ್ಡು ಕೊಡುತ್ತಾರೆ. ಹೊಸ ಹುಡುಗರು ನಾಣ್ಯ ಮುಟ್ಟಿ ನೋಡದೆ ಮೊಬೈಲಿನಲ್ಲಿ ಫೋಟೊ ಕಂಡು ಸಾವಿರಗಟ್ಟಲೆ ಸುರಿಯುವುದು ಅವರಿಗೆ ಸಂಕಟ. ನಾಣ್ಯ ಕೈಗೆ ಬರುವ ತನಕ ದುಡ್ಡು ಕೊಡಬೇಡಿ ಎನ್ನುತ್ತಾರೆ. ಮನೆಯ ಹುಂಡಿ ಒಡೆದಾಗ ವಿಚಿತ್ರ ನಾಣ್ಯವೇನಾದರೂ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ಅಸಲಿ ಎರರ್ ಕೂಡ ‘ಡೀಟೇಲ್ಸ್’ ಚೀಟಿಯೊಂದಿಗೇ ವಾಪಸು ಬರುತ್ತದೆ.