ಕಾಣದ ದ್ರವ್ಯಕ್ಕೆ ಸಾಕ್ಷಿ ಏನು?

ವಿಶ್ವದಲ್ಲಿರುವ ದ್ರವ್ಯದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಭಾಗ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ ಎನ್ನುತ್ತಾರೆ ಖಗೋಳ ವಿಜ್ಞಾನಿಗಳು. ಅದು ಬೆಳಕು ಬೀರುವುದಿಲ್ಲ, ಹೀರುವುದೂ ಇಲ್ಲ. ಗುರುತ್ವದ ಸೆಳೆತವೊಂದೇ ಅದರ ಸುಳಿವು. ಜಮಾಖರ್ಚು ತಾಳೆಯಾಗದಿದ್ದಾಗ ಗುಮಾಸ್ತ ಬರೆದುಕೊಳ್ಳುವ ಸುಳ್ಳು ಬಾಬ್ತಿನ ಹಾಗೆ ಇದೂ ಒಂದು ನೆಪವಿರಬಹುದೇ ಎಂಬ ಅನುಮಾನ ಓದುಗರಿಗೆ ಬಂದರೆ ತಪ್ಪೇನಿಲ್ಲ. ವಿಜ್ಞಾನಿಗಳನ್ನೂ ಅದು ಕಾಡಿದೆ. ಆದರೆ ಸಾಕ್ಷ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಅನುಮಾನ ಉಳಿಯುವುದು ಕಷ್ಟ ಎಂಬುದು ನನ್ನ ವಾದ.

1933ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಸ್ ಜ್ವಿಕಿ ಕೋಮಾ ಎಂಬ ಗೆಲಾಕ್ಸಿ ಗುಚ್ಛವನ್ನು ಪರಿಶೀಲಿಸಿದರು. ಅಲ್ಲಿನ ಗೆಲಾಕ್ಸಿಗಳ ವೇಗ ಎಷ್ಟಿತ್ತೆಂದರೆ, ಕಾಣುವ ದ್ರವ್ಯದ ಸೆಳೆತವಷ್ಟೇ ಇದ್ದಿದ್ದರೆ ಗುಚ್ಛ ಎಂದೋ ಚದುರಿಹೋಗಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವಿಕೆಯನ್ನು ಅಳೆದು ಪ್ರಕಟಿಸಿದರು. ಸೌರಮಂಡಲದಲ್ಲಿ ಬುಧ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಓಡಿದರೆ ದೂರದ ನೆಪ್ಚೂನ್‌ನದು ಬರೀ ಐದೂವರೆ ಕಿ.ಮೀ.ಯಷ್ಟು. ಗೆಲಾಕ್ಸಿಯ ಅಂಚಿನಲ್ಲೂ ವೇಗ ಹೀಗೆಯೇ ಇಳಿಯಬೇಕಿತ್ತು, ಇಳಿಯಲಿಲ್ಲ. ಮುಂದೆ ಅಳೆದ ಹಲವಾರು ಗೆಲಾಕ್ಸಿಗಳಲ್ಲೂ ಇದೇ ಕಥೆ.

ದ್ರವ್ಯ ಕಡಿಮೆ ಬಿದ್ದಿದೆ ಎನ್ನುವ ಬದಲು ಗುರುತ್ವದ ನಿಯಮವೇ ತಪ್ಪಿದೆ ಎನ್ನಬಾರದೇಕೆ? ಇದು ಗಟ್ಟಿಯಾದ ಆಕ್ಷೇಪ, ಇತಿಹಾಸದ ಬೆಂಬಲವೂ ಇದಕ್ಕಿದೆ. ಯುರೇನಸ್ ದಾರಿ ತಪ್ಪಿದಂತೆ ಕಂಡಾಗ ಕಾಣದ ಗ್ರಹವೊಂದಿರಬೇಕೆಂದು ಖಗೋಳ ವಿಜ್ಞಾನಿ ಲೆವೆರಿಯೆ ಲೆಕ್ಕ ಹಾಕಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯಲ್ಲಿ ವ್ಯತ್ಯಾಸ ಕಂಡಾಗ ಅವರೇ ಅದೇ ತರ್ಕ ಹೂಡಿದರು. ಆ ಗ್ರಹ ಸಿಗಲೇ ಇಲ್ಲ. ಬದಲಾಗಬೇಕಿದ್ದದ್ದು ನ್ಯೂಟನ್ನರ ನಿಯಮ ಎಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. ಹಾಗಾಗಿ 1983ರಲ್ಲಿ ಭೌತವಿಜ್ಞಾನಿ ಮಿಲ್ಗ್ರೋಮ್ ಗುರುತ್ವದ ಲೆಕ್ಕಾಚಾರವನ್ನೇ ತಿದ್ದಲು ಹೊರಟದ್ದು ನ್ಯಾಯವಾದ ಪ್ರಯತ್ನ. ಒಂಟಿ ಗೆಲಾಕ್ಸಿಗಳ ತಿರುಗುವಿಕೆಯನ್ನು ಅವರ ಸೂತ್ರ ಚೆನ್ನಾಗಿಯೇ ವಿವರಿಸುತ್ತದೆ.

ಅದು ಎಡವುವುದು ಬುಲೆಟ್ ಗುಚ್ಛದಲ್ಲಿ. ಅಲ್ಲಿ ಎರಡು ಗೆಲಾಕ್ಸಿ ಗುಚ್ಛಗಳು ಡಿಕ್ಕಿ ಹೊಡೆದು ಒಂದನ್ನೊಂದು ಹಾದುಹೋಗಿವೆ. ಗುಚ್ಛಗಳ ಸಾಮಾನ್ಯ ದ್ರವ್ಯದಲ್ಲಿ ಬಹುಪಾಲು ಬಿಸಿ ಅನಿಲ. ಡಿಕ್ಕಿಯಲ್ಲಿ ಅದು ನಡುವೆಯೇ ಹಿಂದುಳಿದಿದ್ದನ್ನು ಚಂದ್ರಾ ಎಂಬ ಎಕ್ಸ್-ಕಿರಣ ದೂರದರ್ಶಕ ತೋರಿಸಿತು. ಹಿನ್ನೆಲೆಯ ಬೆಳಕು ಎಲ್ಲಿ ಹೆಚ್ಚು ಬಾಗುತ್ತದೆ ಎಂದು ನೋಡಿ ಸೆಳೆತದ ನಕ್ಷೆ ಬರೆದರೆ, ಸೆಳೆತ ಅನಿಲ ಇರುವಲ್ಲಿ ಕೇಂದ್ರೀಕರಿಸಿಲ್ಲ, ಎರಡೂ ಬದಿಗೆ ಮುಂದೆ ಸರಿದಿದೆ. 2006ರಲ್ಲಿ ಹೊರಬಂದ ಈ ಫಲಿತಾಂಶವನ್ನು ಕಾಣದ ದ್ರವ್ಯವಿಲ್ಲದೆ ಸೂತ್ರ ತಿದ್ದುವುದರಿಂದ ಮಾತ್ರ ವಿವರಿಸುವುದು ಬಹಳ ಕಷ್ಟ. ಇದಕ್ಕಿಂತ ನನಗೆ ಹೆಚ್ಚು ಮನವರಿಕೆಯಾಗುವುದು ವಿಶ್ವ ಹುಟ್ಟಿ ಸುಮಾರು 3,80,000 ವರ್ಷವಾದಾಗ ಹೊರಟ ಬೆಳಕಿನ ಸಾಕ್ಷ್ಯ. ಅಂದು ಸಾಮಾನ್ಯ ದ್ರವ್ಯ ಬೆಳಕಿನ ಒತ್ತಡಕ್ಕೆ ಸಿಕ್ಕಿ ಅಲೆಯಾಡುತ್ತಿತ್ತು, ಕಾಣದ ದ್ರವ್ಯಕ್ಕೆ ಆ ಒತ್ತಡ ತಟ್ಟಲಿಲ್ಲ. ಆ ಅಲೆಗಳ ಗುರುತು ಬೆಳಕಿನಲ್ಲಿ ಉಳಿದಿದೆ. ಪ್ಲಾಂಕ್ ಉಪಗ್ರಹ ಅದನ್ನು ಅಳೆದು, ವಿಶ್ವದ ಒಟ್ಟು ಶಕ್ತಿ-ದ್ರವ್ಯದಲ್ಲಿ ಸಾಮಾನ್ಯ ದ್ರವ್ಯ ಸುಮಾರು ಶೇ. 5, ಕಪ್ಪು ದ್ರವ್ಯ ಎನಿಸಿಕೊಂಡ ಈ ಕಾಣದ ದ್ರವ್ಯ ಸುಮಾರು ಶೇ. 27 ಎಂಬ ಲೆಕ್ಕ ಕೊಟ್ಟಿತು. ಗೆಲಾಕ್ಸಿ ತಿರುಗುವುದಕ್ಕೂ ಈ ಪುರಾತನ ಬೆಳಕಿಗೂ ನೇರ ಸಂಬಂಧವಿಲ್ಲ; ಆದರೂ ಎರಡೂ ಒಂದೇ ಕಡೆಗೆ ಬೆರಳು ತೋರುತ್ತವೆ.

ಇಷ್ಟಿದ್ದೂ ಕಾಣದ ದ್ರವ್ಯದ ಕಣ ಸಿಕ್ಕಿಲ್ಲವಲ್ಲ? ನಿಜ. ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು ಕಾದರೂ ಸುಳಿವಿಲ್ಲ. ಆದರೆ ಭೌತವಿಜ್ಞಾನಿ ಪೌಲಿ 1930ರಲ್ಲಿ ಊಹಿಸಿದ ನ್ಯೂಟ್ರಿನೋ ಎಂಬ ಕಣ ಸಿಕ್ಕಿದ್ದು 1956ರಲ್ಲಿ. ಗಾಳಿಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳು ನಮ್ಮ ಕೋಲಾರದ ಗಣಿಯ ಆಳದಲ್ಲಿ ಪತ್ತೆಯಾದದ್ದು 1965ರಲ್ಲಿ. ತಡವಾದ ಮಾತ್ರಕ್ಕೆ ಇಲ್ಲವೆನ್ನಲಾಗದು. ಗುಚ್ಛಗಳ ವೇಗ, ಗೆಲಾಕ್ಸಿಗಳ ತಿರುಗುವಿಕೆ, ಬುಲೆಟ್ ಡಿಕ್ಕಿ, ಪುರಾತನ ಬೆಳಕು ಎಲ್ಲವನ್ನೂ ಒಟ್ಟಿಗೆ ವಿವರಿಸುವ ಹೊಸ ಗುರುತ್ವ ಸಿದ್ಧಾಂತ ಬಂದರೆ ನಾನು ತೀರ್ಪು ಬದಲಿಸಬಲ್ಲೆ. ಅಂಥದ್ದು ಇನ್ನೂ ಬಂದಿಲ್ಲ.